ದಿಗ್ಗೇವಾಡಿಯ ಕರೀ ಚೌಕಗಳು

ಹೋದ ತಿಂಗಳು ಪುಣೆಯಿಂದ ಕಾರಿನಲ್ಲಿ ಬರುತ್ತಿದ್ದೆ. ನಿಪ್ಪಾಣಿಯಲ್ಲಿ ಚಹಾಕ್ಕೆಂದು ಡ್ರೈವರ್ ಗಾಡಿ ನಿಲ್ಲಿಸಿ ಬಾಗಿಲು ತೆರೆದದ್ದೇ ತಡ, ಒಣ ತಂಬಾಕಿನ ಘಾಟು ಮೂಗಿಗೆ ಹೊಡೆದು ಸಾಲಾಗಿ ಏಳು ಸೀನು ಬಂದವು. ಜೊತೆಗಿದ್ದ ನನ್ನ ವಿದ್ಯಾರ್ಥಿನಿ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು.

"ಅಲರ್ಜಿಯಾ ಮೇಡಂ?"

"ಅಲ್ಲಮ್ಮಾ, ನನ್ನ ಪಿಎಚ್‌ಡಿ" ಅಂದೆ.

ಅವಳು ನಕ್ಕಳು, ಆದರೆ ನಾನು ಹೇಳಿದ್ದು ನಿಜ. ಮನೋರೋಗಗಳು ವಂಶದಲ್ಲಿ ಹೇಗೆ ಇಳಿದು ಬರುತ್ತವೆ, ಮಿದುಳಿನಲ್ಲಿ ಏನು ಮಾಡುತ್ತವೆ ಎಂದು ಹುಡುಕುವುದು ನನ್ನ ಕೆಲಸ. ಸಭೆಗಳಲ್ಲಿ ಪರಿಚಯ ಮಾಡಿಕೊಡುವವರು ನನ್ನ ಸಂಶೋಧನೆ ಯಾವುದೋ ತಂಪು ಪ್ರಯೋಗಾಲಯದಲ್ಲಿ ಆರಂಭವಾಯಿತು ಎಂಬಂತೆ ಹೇಳುತ್ತಾರೆ. ಅದು ಆರಂಭವಾದದ್ದು ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ. ಒಂದು ಕೈಯಲ್ಲಿ ಐಸ್ ಡಬ್ಬಿ, ಇನ್ನೊಂದರಲ್ಲಿ ಕರ್ಚೀಫು ಹಿಡಿದು ಸೀನುತ್ತ ನಾನು ಚಿಕ್ಕೋಡಿ ಬಸ್ಸು ಯಾವುದೆಂದು ಕೇಳುತ್ತಿದ್ದೆ.

ಆ ವರ್ಷದ ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಕಡೆಯವಳು. ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿ ಒಂದು ವರ್ಷವಾಗಿತ್ತು. ನಮ್ಮ ಪ್ರೊಫೆಸರರ ಬಳಿ ರಾಯಬಾಗ ತಾಲೂಕಿನ ದಿಗ್ಗೇವಾಡಿಯಿಂದ ಅಣ್ಣಪ್ಪ ಮಾಸ್ತರರೆಂಬ ಪ್ರಾಥಮಿಕ ಶಾಲೆಯ ಶಿಕ್ಷಕರು ಚಿಕಿತ್ಸೆಗೆ ಬರುತ್ತಿದ್ದರು. ಅವರದು ಬೈಪೋಲಾರ್ ಕಾಯಿಲೆ. ಮನಸ್ಸು ಮೇಲೇರಿತೆಂದರೆ ವಾರಗಟ್ಟಲೆ ನಿದ್ದೆಯಿಲ್ಲ, ಮಾತಿಗೆ ಕಡಿವಾಣವಿಲ್ಲ. ಇಳಿಯಿತೆಂದರೆ ತಿಂಗಳುಗಟ್ಟಲೆ ಗೋಡೆಗೆ ಮುಖ. ಹಾಗೊಮ್ಮೆ ಮೇಲೇರಿದಾಗ ನಾಲ್ಕನೇ ತರಗತಿಯನ್ನು ಭಾನುವಾರ ಒಟ್ಟುಗೂಡಿಸಿ, "ಕೃಷ್ಣಾ ನದಿ ಎಲ್ಲಿ ಹುಟ್ಟೈತಿ, ಪುಸ್ತಕದಾಗ ಯಾಕ ಓದ್ತೀರಿ, ನೋಡೂಣು ನಡೀರಿ" ಎಂದು ಹೊಳೆದಂಡೆ ಹಿಡಿದು ಮಹಾಬಳೇಶ್ವರದ ಕಡೆ ನಡೆಸಿಕೊಂಡು ಹೊರಟುಬಿಟ್ಟಿದ್ದರಂತೆ. ಮೂರು ಊರು ದಾಟಿದ ಮೇಲೆ ಪಾಲಕರು ಟ್ರ್ಯಾಕ್ಟರ್ ತಂದು ಎಲ್ಲರನ್ನೂ ತುಂಬಿಕೊಂಡು ಬಂದರು. ಮಕ್ಕಳು ಮಾತ್ರ ಇವತ್ತಿಗೂ ಆ ಪಾಠ ಮರೆತಿಲ್ಲ. ಆಮೇಲೆ ಮಾಸ್ತರರು ದಿನಾ ಗುಳಿಗೆ ನುಂಗಿ ಆರು ವರ್ಷದಿಂದ ನೆಟ್ಟಗಿದ್ದರು. ಅವರೇ ಒಂದು ದಿನ ಪ್ರೊಫೆಸರರಿಗೆ ಹೇಳಿದರು: "ನಾ ಒಬ್ಬನ ಅಲ್ರಿ ಸರ. ನಮ್ಮ ಮನಿತನದಾಗ ಹಿಂತಾವರು ಭಾಳ ಮಂದಿ ಆಗಿ ಹೋಗ್ಯಾರ."

ಪ್ರೊಫೆಸರರಿಗೆ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಮರುದಿನವೇ ನನ್ನನ್ನು ಕರೆದರು. "ಒಂದೇ ಮನೆತನ, ಒಂದೇ ಸೀಮೆ, ಮೂರು ತಲೆಮಾರು! ಮೂರು ತಿಂಗಳು ಅಲ್ಲೇ ಇರು. ವಂಶದ ನಕ್ಷೆ ಬರಿ. ಒಪ್ಪಿದವರ ರಕ್ತ ತಗೊಂಡು ಬಾ. ಆ ಜೀನ್ ಅಲ್ಲೇ ಎಲ್ಲೋ ಇದೆ." ಕೃಷ್ಣೆಯ ದಂಡೆಯ ಯಾವುದೋ ಕಬ್ಬಿನ ಗದ್ದೆಯಲ್ಲಿ ಜೀನ್ ಅಡಗಿ ಕೂತಿದೆ ಅನ್ನುವ ಹಾಗಿತ್ತು ಅವರ ಉತ್ಸಾಹ. ಹೊರಡುವಾಗ ಒಂದು ಮಾತು ಸೇರಿಸಿದರು: "ನಕ್ಷೆಯಲ್ಲಿ ಹೆಸರು ಬರೀಬೇಡ. ನಂಬರು ಹಾಕು." ನಾನು ತಲೆಯಾಡಿಸಿದೆ. ತಲೆ ಆಡಿತೇ ಹೊರತು ಒಳಗೇನೂ ಹೋಗಿರಲಿಲ್ಲ.

ಚಿಕ್ಕೋಡಿಯಲ್ಲಿ ಒಂದು ಕೋಣೆ ಹಿಡಿದೆ. ಬೆಳಿಗ್ಗೆ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಎರಡೆರಡು ಟ್ರೇಲರ್‌ಗಳಿಗೆ ಕಬ್ಬು ಹೇರಿಕೊಂಡು ಮರಾಠಿ ಹಾಡು ಹಾಕಿಕೊಂಡು ಹೊರಟ ಟ್ರ್ಯಾಕ್ಟರುಗಳು. ಅವು ದಾರಿ ಬಿಡುವವರೆಗೆ ಬಸ್ಸಿನವರೆಲ್ಲ ಹಾಡು ಕೇಳಬೇಕು. ಹೊಳೆಯ ಮೇಲೆ ಒಂಬತ್ತರವರೆಗೂ ಮಂಜು. ಮಧ್ಯಾಹ್ನ ಅದೇ ಜಾಗದಲ್ಲಿ ನೆತ್ತಿ ಸುಡುವ ಬಿಸಿಲು. ರಕ್ತದ ಮಾದರಿ ಇಡಲು ಒಯ್ಯುತ್ತಿದ್ದ ನನ್ನ ಐಸ್ ಡಬ್ಬಿಯ ಮೇಲೆ ಕಂಡಕ್ಟರಿಗೆ ದಿನಾ ಅನುಮಾನ. "ಮೀನೇನ್ರಿ ಅಕ್ಕಾರ?" ಎಂದು ಕೇಳಿ, ಖಾಲಿ ಇದೆ ಎಂದು ಮುಚ್ಚಳ ತೆಗೆದು ತೋರಿಸಿದರೂ ನಂಬದೆ ಹಿಂದಿನ ಸೀಟಿಗೆ ಕಳಿಸುತ್ತಿದ್ದ.

ಮಾಸ್ತರರದು ಹಳೆಯ ಜೈನ ಒಕ್ಕಲುತನದ ಮನೆ. ಮಾಸ್ತರರು ಮದುವೆಯಾಗಿರಲಿಲ್ಲ. ಹೊಲಮನೆ ನೋಡುವವನು ತಮ್ಮ ರಾವಸಾಬ. ಅವನ ಮಗಳು ತ್ರಿಶಲಾ, ಬಿ.ಎಡ್. ಮುಗಿಸಿದವಳು. ಎಲ್ಲರ ಮೇಲೆ ಮಾಸ್ತರರ ತಾಯಿ ಪದ್ಮವ್ವ ಆಯಿ. ಎಂಬತ್ತು ದಾಟಿದ, ಗುಬ್ಬಿಯಂಥ ಮುದುಕಿ. ಮೀನಿನ ಡಬ್ಬಿಯ ಸುದ್ದಿ ಅವಳಿಗೂ ಮುಟ್ಟಿತ್ತೋ ಏನೋ, ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಮೊದಲ ದಿನ ನಾನು ಹೋದಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹೊಟ್ಟೆ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಸದ್ದು ಮಾಡಿತು. ಹೊರಡುವಾಗ ತ್ರಿಶಲಾ ಸದ್ದಿಲ್ಲದೆ ನಾಲ್ಕು ಬಾಳೆಹಣ್ಣು, ಒಂದು ಪೊಟ್ಟಣ ಅವಲಕ್ಕಿ ಚೂಡಾ ನನ್ನ ಚೀಲಕ್ಕೆ ಹಾಕಿದಳು.

ಮರುದಿನ ಬೆಳಗಾಗುತ್ತಲೇ ಹೋಗಿ ಕಾಗದ ಹರಡಿಕೊಂಡು ಕೂತೆ. ಈ ನಕ್ಷೆಯ ಕ್ರಮ ಸರಳ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದವರದನ್ನು ಕಪ್ಪು ಮಾಡುವುದು. ಸ್ವಲ್ಪವೇ ಇದ್ದರೆ ಅರ್ಧ ಕಪ್ಪು. ಮಾಸ್ತರರ ಚೌಕ ಅವರೇ ಹೇಳಿ ಕಪ್ಪು ಮಾಡಿಸಿದರು. ಆಮೇಲೆ ಆಯಿಯನ್ನು ಕೇಳಿದೆ.

"ಮನೆತನದಲ್ಲಿ ಬೇರೆ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತಾ ಅಜ್ಜಿ?"

"ಯಾರಿಗೂ ಇಲ್ಲವಾ. ಅಣ್ಣಪ್ಪಗೂ ಏನಿಲ್ಲ. ಓದಿ ಓದಿ ಉಷ್ಣ ಆಗೈತಿ."

"ನಿಮ್ಮ ಯಜಮಾನರಿಗೆ?"

"ಸ್ವಭಾವ ಸ್ವಲ್ಪ ಗರಂ ಇತ್ತು."

"ಅವರ ತಮ್ಮಂದಿರು?"

"ಒಬ್ಬಾಂವ ದೇವರಂಥ ಮನಿಶ್ಯಾ. ಇನ್ನೊಬ್ಬಾಂವಗ ತಿರಗೂ ಚಟ ಇತ್ತು."

ಹದಿನೈದು ದಿನ ಹೀಗೇ ಹೋಯಿತು. ಊರಲ್ಲಿ ಯಾರನ್ನು ಕೇಳಿದರೂ ಆ ಮನೆತನದವರೆಲ್ಲ ತುಂಬು ಆರೋಗ್ಯದಿಂದ ಬದುಕಿ ನಗುನಗುತ್ತ ಸತ್ತವರು. ಒಂದು ಸಂಜೆ ಮಾಸ್ತರರು ಬಸ್ಸಿಗೆ ಬಿಡಲು ಬಂದವರು ಗುಟ್ಟು ಹೇಳಿದರು. "ಈಗ ಯಾರೂ ಬಾಯಿ ಬಿಡೂದಿಲ್ರಿ. ತ್ರಿಶಲಾಗ ಅಥಣಿ ಕಡೀಂದ ಹುಡುಗನ್ನ ನೋಡೇವಿ. ಮಾತ ನಡದೈತಿ." ಅದು ಕೇಳಿದ ಮೇಲೆ ನಾನು ಕಾಗದ ಸುತ್ತಿಕೊಂಡು ಮದುವೆ ಮುಗಿದ ಮೇಲೆ ಬರುತ್ತೇನೆ ಅನ್ನಬೇಕಿತ್ತು. ನನಗಾಗ ಇಪ್ಪತ್ತಾರು ವರ್ಷ, ಮೂರು ತಿಂಗಳ ಗಡುವು, ಕಪ್ಪಾಗಿದ್ದದ್ದು ಒಂದೇ ಚೌಕ. ಅನ್ನಲಿಲ್ಲ.

ಬದಲಿಗೆ ಚಹಾದಂಗಡಿಯಲ್ಲಿ ಯಾರೋ "ಏನ್ ಮಾಡಾಕತ್ತೀರಿ ಬಾಯಾರ?" ಅಂದಾಗ, ಸುಲಭವಾಗಿ ತಿಳಿಯಲೆಂದು "ಮಾಸ್ತರ ಮನೆತನದ ವಂಶಾವಳಿ ಬರೀತಿದೀನಿ" ಅಂದೆ.

ವಂಶಾವಳಿ ಎಂದರೆ ಆ ಸೀಮೆಯಲ್ಲಿ ಒಂದೇ ಅರ್ಥ: ಊರಿನ ಹೊಲದ ಲೆಕ್ಕ ಇಡುವ ತಲಾಠಿ ಬರೆಯುವ ಕಾಗದ, ಹೊಲಕ್ಕೆ ವಾರಸುದಾರರು ಯಾರೆಂದು ತೀರ್ಮಾನಿಸುವಂಥದ್ದು. ಮಾಸ್ತರ ಮನೆಯ ಹೊಲ ಪಾಲಾಗುತ್ತಿದೆ, ಅದಕ್ಕೆ ಬೆಂಗಳೂರಿನಿಂದ ಒಬ್ಬ ಆಫೀಸರ್ ಬಾಯಿ ಬಂದಿದ್ದಾಳೆ ಎಂದು ಸುದ್ದಿ ಹಬ್ಬಿತು. ಎರಡೇ ದಿನದಲ್ಲಿ ಮುಗಳಖೋಡದಿಂದ ಒಂದು ಜೀಪು, ಏಕಸಂಬಿಯಿಂದ ಎರಡು ಮೋಟಾರ್‌ಸೈಕಲ್ಲು, ಕಾಗವಾಡದಿಂದ ಒಂದು ಟೆಂಪೊ ಬಂದು ನಿಂತವು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹೊಲದ ಹಳೆಯ ಉತಾರಗಳು, ಫೋಟೋಗಳು.

ಇದು ಹೊಲದ ವಿಷಯವಲ್ಲ, ಕಾಯಿಲೆಯ ವಿಷಯ ಎಂದು ಒಪ್ಪಿಗೆ ಪತ್ರ ಓದಿ ಹೇಳಿದೆ. ಕಾಗವಾಡದಿಂದ ಬಂದ ದಪ್ಪ ಮೀಸೆಯವರೊಬ್ಬರು ಸಮಾಧಾನದಿಂದ ಕೇಳಿಸಿಕೊಂಡು, "ಬ್ಯಾನಿನೂ ಐತ್ರಿ. ಯಾವ ಬ್ಯಾನಿ ಬೇಕ ಹೇಳ್ರಿ" ಅಂದರು.

ಇನ್ನೊಬ್ಬರು ತೋಳು ಮಡಚಿ ನಿಂತರು. "ರಕ್ತ ಕೊಟ್ಟರ ಹೆಸರ ಪಕ್ಕಾ ಆತಲ್ರಿ? ಆಮ್ಯಾಲ ಆಧಾರ್ ಕಾರ್ಡ ಕೇಳಬಾರದ ನೋಡ್ರಿ."

ಎಷ್ಟು ಹೇಳಿದರೂ ಬಿಡಲಿಲ್ಲ. ತಮ್ಮ ಅಜ್ಜ, ಮುತ್ತಜ್ಜರಿಗೆ ಇದ್ದ ಸಿಟ್ಟು, ಸಂಕಟ, ಹಾಡಿನ ಗೀಳು ಎಲ್ಲವನ್ನೂ ಧಾರಾಳವಾಗಿ ಹೇಳಿ ಬರೆಸಿದರು. ನಾನೂ ಬರೆದುಕೊಂಡೆ, ರಕ್ತವನ್ನೂ ತೆಗೆದುಕೊಂಡೆ. ನಕ್ಷೆ ನಾಲ್ಕು ಹಾಳೆಗೆ ಬೆಳೆಯಿತು. ಒಂದು ಕಪ್ಪು ಚೌಕ ಎಂಟಾಯಿತು, ನಾಲ್ಕು ಅರ್ಧ ಕಪ್ಪಾದವು. ಇಷ್ಟು ಜನರ ನಡುವೆ ಯಾವ ನಂಬರು ಯಾರೆಂದು ಮರೆತೀತೆಂದು ಪ್ರತಿ ಚೌಕದ ಕೆಳಗೂ ಪೂರ್ತಿ ಹೆಸರು, ಊರು ಬರೆದೆ. ಫೋನಿನಲ್ಲಿ ಸಂಖ್ಯೆ ಕೇಳಿ ಪ್ರೊಫೆಸರರು ಆನಂದದಿಂದ ಅದನ್ನೇ ಮತ್ತೆರಡು ಸಲ ಹೇಳಿಸಿದರು. "ತಕ್ಷಣ ಒಂದು ಪ್ರತಿ ಕಳಿಸು" ಅಂದರು ಆಮೇಲೆ.

ರಾಯಬಾಗದ ಒಂದು ಝೆರಾಕ್ಸ್ ಅಂಗಡಿಗೆ ಹೋದೆ. ಮೊದಲ ಪ್ರತಿ ಮಂಕಾಗಿ ಬಂತು. ಅಂಗಡಿಯವನು ಕಸುಬಿನ ಮರ್ಯಾದೆ ಉಳ್ಳವನು. "ಕರೀದು ಕರ್ರಗ ಬರಬೇಕ್ರಿ" ಎಂದು ಯಂತ್ರ ತಿರುವಿ ಇನ್ನೊಂದು ತೆಗೆದುಕೊಟ್ಟ. ಅದನ್ನು ಎತ್ತಿಕೊಂಡು ಬಸ್ಸಿಗೆ ಓಡಿದೆ. ಮಂಕಾದ ಪ್ರತಿ ಅವನ ಮೇಜಿನ ಮೇಲೆಯೇ ಉಳಿಯಿತು.

ನಾಲ್ಕು ದಿನದ ಮೇಲೆ ದಿಗ್ಗೇವಾಡಿಗೆ ಹೋದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಥಣಿಯ ಹುಡುಗನ ಸೋದರಮಾವ ಭೂಪಾಲಣ್ಣ ಬಂದು ಕೂತಿದ್ದರು. ಬಿಳಿ ಟೋಪಿ, ದೊಡ್ಡ ದನಿ. ರಾವಸಾಬ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದ. ಮಾಸ್ತರರು ಕಂಬಕ್ಕೆ ಒರಗಿದ್ದರು. ಜಮಖಾನೆಯ ನಡುವೆ ನನ್ನ ಮಂಕು ನಕ್ಷೆ ಹರಡಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

"ಬರ್ರಿ ಬಾಯಾರ, ಬರ್ರಿ!" ಭೂಪಾಲಣ್ಣನ ಮುಖ ಅರಳಿತ್ತು. "ರಾಯಬಾಗದಾಗ ಕಾಗದ ಮಾಡಸಾಕ ಹೋಗಿದ್ನಿ. ಮೇಜಿನ ಮ್ಯಾಲ ನಮ್ಮ ಬೀಗರ ಹೆಸರ ಕಾಣಿಸ್ತು. ವಂಶಾವಳಿ ಭಾರೀ ಚಲೋ ಬರದೀರಿ. ನಮ್ಮ ತಲಾಠಿಗೆ ಹಿಂತಾದ್ದ ಬರೂದಿಲ್ಲ. ಒಂದ ನೋಟಕ್ಕ ತಿಳೀತೈತಿ. ಕರೀ ಚೌಕದವರದು ಕರೀ ಮಣ್ಣಿನ ಎರಿ ಹೊಲ, ಖಾಲಿ ಚೌಕದವರದು ಬರೇ ಕಲ್ಲಿನ ಮಡ್ಡಿ ಹೊಲ. ಹೌದಲ್ರಿ?"

ರಾವಸಾಬ ಬೆವರೊರೆಸಿಕೊಂಡು, "ಹೌದ್ರಿ... ಎರೀನ ಐತ್ರಿ..." ಅಂದ.

"ಎಂಟ ಕರೀ ಚೌಕ!" ಭೂಪಾಲಣ್ಣ ಬೆರಳಿಟ್ಟು ಎಣಿಸಿದರು. "ಇಂತಾ ಎರಿ ಹೊಲದ ಮನಿತನ ಈ ಸೀಮ್ಯಾಗ ಎಲ್ಲೈತಿ? ಇದೇನ್ರಿ, ಅರ್ಧಾ ಕರೀ ಮಾಡೀರಿ, ಪಾಲಿನ ಹೊಲೇನು?"

ತ್ರಿಶಲಾ ಚಹಾ ತಂದವಳು ಬಾಗಿಲಲ್ಲಿ ನಿಂತಳು. ಅವಳಿಗೆ ನಕ್ಷೆಯ ಅರ್ಥ ಗೊತ್ತಿತ್ತು. ನಾನೇ ಕಲಿಸಿದ್ದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಮದುವೆ ಗಟ್ಟಿ, ಬಾಯಿ ಬಿಟ್ಟರೆ ಮುರಿಯುತ್ತದೆ. ಮಾತಾಡುವ ಹಕ್ಕು ನನ್ನದೂ ಅಲ್ಲ.

ಮಾಸ್ತರರು ಕಂಬ ಬಿಟ್ಟು ಬಂದು ನಕ್ಷೆಯ ಮುಂದೆ ಕೂತರು. ತರಗತಿಯಲ್ಲಿ ನಕಾಶೆ ತೋರಿಸುವ ಹಾಗೆ ಬೆರಳಿಟ್ಟರು.

"ಭೂಪಾಲಣ್ಣಾ, ಈ ಕರೀ ಚೌಕ ನಾ ಅದೇನಿ. ನನ್ನ ಹೆಸರಿನಾಗ ಒಂದ ಗುಂಟೆ ಹೊಲಾನೂ ಇಲ್ಲ."

"ಹಂಗಾರ?"

"ಇದು ಬ್ಯಾನಿದು. ಮನಸಿಂದು. ದಿನಾ ಗುಳಿಗಿ ತಗೋತೇನಿ. ಆರು ವರ್ಷಾತು, ಒಂದ ದಿನಾ ಸಾಲಿ ತಪ್ಪಿಸಿಲ್ಲ."

"ಅಂದ್ರ... ಹುಚ್ಚ?"

"ಮಂದಿ ಹಂಗ ಅಂತಾರ. ಡಾಕ್ಟರ ಬ್ಯಾರೆ ಹೆಸರ ಹೇಳ್ತಾರ. ಹೆಸರ ಬದಲಾದರ ಗುಳಿಗಿ ಬದಲಾಗೂದಿಲ್ಲ."

ಭೂಪಾಲಣ್ಣ ನಕ್ಷೆಯಿಂದ ಕೈ ಹಿಂದೆಳೆದುಕೊಂಡರು. ಎಂಟು ಚೌಕಗಳನ್ನು ಮತ್ತೆ ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹುಡುಗಿಗೆ ಬರ್ತೈತೇನ್ರಿ?"

"ಬರಬಹುದು, ಬರದೆಯೂ ಇರಬಹುದು" ಅಂದೆ. "ಬರದೇ ಇರೋ ಸಾಧ್ಯತೆಯೇ ಜಾಸ್ತಿ."

"ನೀವು ಡಾಕ್ಟರ ಅದೀರೋ, ಟೀವಿಯಾಗ ಮಳಿ ಸುದ್ದಿ ಹೇಳವರೋ?"

ಯಾರೂ ನಗಲಿಲ್ಲ. ಅವರು ಚಹಾ ಮುಟ್ಟದೆ ಎದ್ದರು. "ವಿಚಾರ ಮಾಡಿ ಹೇಳ್ತೇವ್ರಿ" ಅಂದರು. ಆ ಮಾತಿನ ಅರ್ಥ ತುಮಕೂರಿನಲ್ಲಿ ಹೇಗೋ ಅಥಣಿಯಲ್ಲೂ ಹಾಗೆಯೇ. ನಕ್ಷೆ ಮಡಚಿ ಜೇಬಿಗಿಡಲು ಹೋದಾಗ ಮಾಸ್ತರರು, "ಅದನ್ನ ಇಲ್ಲೇ ಬಿಟ್ಟ ಹೋಗ್ರಿ" ಎಂದರು. ಭೂಪಾಲಣ್ಣ ಕೊಟ್ಟರು.

ಜೀಪಿನ ಸದ್ದು ದೂರವಾಗುತ್ತಲೇ ರಾವಸಾಬ ನನ್ನ ಮೇಲೆ ಎದ್ದು ಬಂದ. "ಬರಕೊಂಡ್ರಲ್ಲ? ಸಮಾಧಾನ ಆತಲ್ಲ? ಇನ್ನ ನಿಮ್ಮ ಊರ ದಾರಿ ಹಿಡೀರಿ." ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದರೆ ಅಳು ಬಂತು. ತ್ರಿಶಲಾ ಚಹಾದ ಬಟ್ಟಲುಗಳನ್ನು ಎತ್ತುತ್ತ ನನ್ನ ಕಡೆ ನೋಡದೆ ಅಂದಳು, "ಅಕ್ಕಾ, ಇದರಾಗ ನನ್ನ ಹೆಸರ ಐತಿ. ಒಂದ ಮಾತ ನನ್ನ ಕೇಳಬೇಕಿತ್ತು." ರಾವಸಾಬನ ಕೂಗಿಗಿಂತ ಅದು ಹೆಚ್ಚು ನೋಯಿಸಿತು. ಈಗಲೂ ನೋಯಿಸುತ್ತದೆ.

ಹೊರಡಲೆಂದು ಚೀಲಕ್ಕೆ ಕೈ ಹಾಕಿದೆ. ಒಳಕೋಣೆಯಿಂದ ಆಯಿ ಬಂದಳು. "ಕುಂಡ್ರು" ಅಂದಳು. ಕೂತೆ. "ಇಷ್ಟ ದಿನಾ ಮುಚ್ಚಿದ್ದು ಈಗ ತೆರದ ಹೋತು. ಇನ್ನ ಸುಳ್ಳ ಯಾಕ ಬರೀತಿ? ಓದು, ಯಾರ್ಯಾರ ಹೆಸರ ಹಾಕಿ?"

ಓದತೊಡಗಿದೆ. ಮುಗಳಖೋಡದ ಆರು ಜನ. "ಹೊಡೀ ಕಾಟ. ಅವರು ನಮ್ಮವರಲ್ಲ. ನಮ್ಮ ಎಮ್ಮಿ ಕೊಂಡವರು." ಏಕಸಂಬಿಯ ನಾಲ್ವರು. "ಅವರಜ್ಜ ನಮ್ಮ ಬಾವಿ ತೋಡಾಕ ಬಂದಿದ್ದ." ಕಾಗವಾಡದ ದಪ್ಪ ಮೀಸೆಯವರ ಹೆಸರು ಕೇಳಿ ಬಹಳ ಹೊತ್ತು ಯೋಚಿಸಿ, "ಇವ ಯಾರಂತ ನನಗ ಗೊತ್ತಿಲ್ಲ. ಅವಗೂ ಗೊತ್ತಿರಲಿಕ್ಕಿಲ್ಲ" ಅಂದಳು. ನನ್ನ ನಾಲ್ಕು ಹಾಳೆಯ ನಕ್ಷೆ ಅರ್ಧ ಗಂಟೆಯಲ್ಲಿ ಒಂದು ಹಾಳೆಗೆ ಇಳಿಯಿತು. ಎಂಟು ಕಪ್ಪು ಚೌಕದಲ್ಲಿ ಉಳಿದದ್ದು ಎರಡು. ಸಿಟ್ಟಿನಲ್ಲಿದ್ದ ರಾವಸಾಬನೂ ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದ.

ಆಮೇಲೆ ಆಯಿ ನನ್ನ ಖಾಲಿ ವೃತ್ತಗಳ ಮೇಲೆ ಬೆರಳಿಟ್ಟಳು. ನಾನು ಹೆಂಗಸರ ಬಗ್ಗೆ ಕೇಳಿಯೇ ಇರಲಿಲ್ಲ. ಕೇಳಿದ್ದರೂ ಯಾರೂ ಹೇಳುತ್ತಿರಲಿಲ್ಲ. "ಇಕಿ ನನ್ನ ಅತ್ತಿ. ಮೂರ ದಿನಾ ಮಲಗಲಾರದ ಹಾಡತಿದ್ಲು. ಮೈಮ್ಯಾಲ ದೇವರ ಬರ್ತೈತಿ ಅಂತಿದ್ವಿ." ಕಪ್ಪು ಮಾಡಿದೆ. "ಇಕಿ ನನ್ನ ನಾದಿನಿ ಚಂಪವ್ವ. ಬಾವ್ಯಾಗ ಕಾಲ ಜಾರಿ ಬಿದ್ಲು ಅಂತ ಎಲ್ಲಾರಿಗೂ ಹೇಳೇವಿ." ಬೆರಳು ಆ ವೃತ್ತದ ಮೇಲೆಯೇ ಇತ್ತು. "ಕಾಲ ಜಾರಿರಲಿಲ್ಲ. ಇಪ್ಪತ್ತೆರಡ ವರ್ಷದಾಕಿ. ನನ್ನ ತಲಿ ಬಾಚತಿದ್ಲು." ಪೆನ್ಸಿಲ್ ಹಿಡಿದ ನನ್ನ ಕೈ ನಿಂತಿತು. "ಮಾಡ, ಕರೀ ಮಾಡ. ಅಕೀದು ಎಲ್ಲೀರ ಒಂದ ಕಡೆ ಬರದ ಇರಲಿ."

ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಆಯಿ ತೋಳಿನ ಸೀರೆ ಸರಿಸಿ ಮುಂದೆ ಚಾಚಿದಳು. "ರಕ್ತಾ ತಗೋತಿಯಲ್ಲ, ತಗೋ. ಮೊದಲ ಒಂದ ಮಾತ ಹೇಳು. ಇದರಿಂದ ಅಣ್ಣಪ್ಪಗ ಆರಾಮ ಆಗ್ತೈತೇನು?"

"ಇಲ್ಲ ಆಯಿ."

"ಮತ್ತ ಯಾರಿಗೆ?"

"ಗೊತ್ತಿಲ್ಲ. ಯಾರಿಗಾದರೂ ಆಗಬಹುದು, ಬಹಳ ವರ್ಷದ ಮೇಲೆ. ಆಗದೆಯೂ ಇರಬಹುದು."

ಅವಳು ನನ್ನ ಮುಖವನ್ನೇ ನೋಡಿದಳು. "ಬಂದಾಗಿಂದ ಇದೊಂದ ಖರೇ ಮಾತ ಆಡೀದಿ ನೋಡು" ಎಂದು ತೋಳನ್ನು ಇನ್ನಷ್ಟು ಮುಂದೆ ಮಾಡಿದಳು.

ಆ ರಾತ್ರಿ ಪ್ರೊಫೆಸರರಿಗೆ ಎಲ್ಲ ಹೇಳಿದೆ. ಹೆಸರು ಬರೆದದ್ದೂ, ಅಂಗಡಿಯಲ್ಲಿ ಬಿಟ್ಟು ಬಂದದ್ದೂ. ಅವರು ಬೈದದ್ದು ಎರಡೇ ವಾಕ್ಯ. ಆದರೆ ಮರುದಿನದ ಬಸ್ಸು ಹತ್ತಿ ತಾವೇ ದಿಗ್ಗೇವಾಡಿಗೆ ಬಂದು ರಾವಸಾಬನ ಮುಂದೆ ಕೈ ಮುಗಿದು ಕೂತರು. ದಾರಿಯಲ್ಲಿ ಅವರೂ ನಿಪ್ಪಾಣಿಯಲ್ಲಿ ಸೀನಿದ್ದರಂತೆ. ಸುಳ್ಳು ಸಂಬಂಧಿಗಳ ರಕ್ತವನ್ನೆಲ್ಲ ತೆಗೆದುಹಾಕಿದೆವು. ಈಗ ಈ ಬರಹದಲ್ಲೂ ಎಲ್ಲರ ಹೆಸರು ಬದಲಿಸಿದ್ದೇನೆ. ಊರಿನ ಹೆಸರು ಮಾತ್ರ ಬದಲಿಸಬೇಡಿ ಎಂದವರು ಮಾಸ್ತರರೇ.

ನಾನು ಹೊರಡಲು ಒಂದು ವಾರವಿದ್ದಾಗ ಚಿಕ್ಕೋಡಿಯ ಕೋಣೆಗೆ ಹುಡುಗನ ತಾಯಿ ಬಂದರು. ಭೂಪಾಲಣ್ಣನ ತಂಗಿ, ಸುನಂದಾಬಾಯಿ. ಕೂತು, ನೀರು ಕುಡಿದು, ಬಾಗಿಲು ಮುಚ್ಚಿ ಹೇಳಿದರು: "ನಮ್ಮಣ್ಣ ಅಲ್ಲಿಂದ ಚಾ ಕುಡೀಲಾರದ ಎದ್ದ ಬಂದಾನಲ್ಲ, ಹಿಂದ ಒಮ್ಮಿ ಅಂವಾ ಮೂರು ತಿಂಗಳು ಕೋಣಿ ಬಿಟ್ಟ ಹೊರಗ ಬಂದಿರಲಿಲ್ಲ. ಮಿರಜಿನ ದವಾಖಾನಿಗೆ ಒಯ್ದ ತೋರಿಸಿದ್ವಿ. ಊರಾಗ ಕಾಮಣಿ, ಹಳದಿ ರೋಗ ಅಂತ ಹೇಳೇವಿ. ನಮ್ಮದೂ ಒಂದ ನಕಾಶಿ ಬರದ ಕೊಡ್ರಿ. ಆ ಮನಿಯವರಿಗೆ ತೋರಸ್ತೇನಿ. ಲಗ್ನ ಅಂದ ಮ್ಯಾಲ ಎರಡೂ ಕಡೀದು ಗೊತ್ತಾಗಬೇಕಲ್ಲ?"

ನಾನು ಪೆನ್ಸಿಲ್ ಮುಟ್ಟಲಿಲ್ಲ. "ನಿಮ್ಮಣ್ಣನ ವಿಷಯ ಅವರನ್ನು ಕೇಳದೆ ಬರೆಯಬಾರದು ಬಾಯಾರೆ. ನಾನು ಒಮ್ಮೆ ಬರೆದು ಕೆಟ್ಟಿದ್ದೇನೆ" ಅಂದೆ. ಅವರು ನಕ್ಕರು. ಮನೆಗೆ ಹೋಗಿ ಅಣ್ಣನೊಂದಿಗೆ ಜಗಳವಾಡಿ, ಅವನನ್ನೇ ಜೀಪಿನಲ್ಲಿ ಕೂರಿಸಿಕೊಂಡು ದಿಗ್ಗೇವಾಡಿಗೆ ಹೋದರಂತೆ. ಅಲ್ಲಿ ಏನು ಮಾತಾಯಿತೋ ಯಾರೂ ನನಗೆ ಹೇಳಲಿಲ್ಲ. ಮದುವೆಯ ಮುಂಚೆ ತ್ರಿಶಲಾ ಒಂದು ಷರತ್ತು ಹಾಕಿದಳೆಂದು ಮಾತ್ರ ಕೇಳಿದೆ: ತನಗೆ ನೌಕರಿ ಸಿಗುವವರೆಗೆ ಲಗ್ನವಿಲ್ಲ. ಸಿಕ್ಕ ಮೇಲೆ ಆಯಿತು. ಅವಳು ನನ್ನನ್ನು ಕರೆಯಲಿಲ್ಲ. ಕರೆದವರು ಮಾಸ್ತರರು. ಹೋಗಿದ್ದೆ. ಅವಳು ನೋಡಿ, ನಗದೆ, "ಊಟ ಮಾಡಿ ಹೋಗ್ರಿ ಅಕ್ಕಾ" ಅಂದಳು. ಅಷ್ಟಕ್ಕೇ ನನ್ನ ಎದೆ ಹಗುರಾಯಿತು.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಮಾಸ್ತರರ ಫೋನು. ಕಳೆದುಹೋದ ಎಮ್ಮೆಯ ಸುದ್ದಿ ಕೇಳುವ ಹಾಗೆ, "ನಮ್ಮ ಜೀನ್ ಸಿಕ್ತೇನ್ರಿ?" ಸಿಗಲಿಲ್ಲ. ಅವರ ಮನೆಯ ರಕ್ತ ದೇಶವಿದೇಶದ ಸಾವಿರಾರು ಜನರ ರಕ್ತದ ಜೊತೆ ಸೇರಿತು, ನನಗೆ ಡಾಕ್ಟರೇಟ್ ಆಯಿತು, ನನ್ನ ಕೂದಲು ಬೆಳ್ಳಗಾಗತೊಡಗಿತು. ಕೊನೆಗೆ ತಿಳಿದದ್ದನ್ನು ಹೇಳಲು ಒಮ್ಮೆ ನಾನೇ ದಿಗ್ಗೇವಾಡಿಗೆ ಹೋದೆ. ಆಯಿ ಆಗ ಇರಲಿಲ್ಲ. ಮಾಸ್ತರರು ನಿವೃತ್ತರಾಗಿ ಪಡಸಾಲೆಯಲ್ಲಿ ಕೂತಿದ್ದರು.

"ಒಂದು ಜೀನ್ ಅನ್ನೋದು ಇಲ್ಲ ಮಾಸ್ತರೆ" ಅಂದೆ. "ಸಣ್ಣ ಸಣ್ಣವು ಸಾವಿರಾರು ಇವೆ. ಒಂದೊಂದೂ ಏನೂ ಮಾಡೋದಿಲ್ಲ. ಎಲ್ಲರ ಮನೆಯಲ್ಲೂ ಅಷ್ಟಿಷ್ಟು ಇರುತ್ತವೆ. ಕೆಲವರಲ್ಲಿ ಜಾಸ್ತಿ ಕೂಡಿಬಿಡುತ್ತವೆ. ಅದರ ಮೇಲೆ ಬದುಕಿನ ಏಟೂ ಸೇರುತ್ತದೆ."

"ಎಲ್ಲಾರ ಮನ್ಯಾಗೂ?"

"ಎಲ್ಲರ ಮನೆಯಲ್ಲೂ."

"ನಿಮ್ಮ ಮನ್ಯಾಗ?"

"ನಮ್ಮಲ್ಲೂ. ಪ್ರೊಫೆಸರರ ಮನೆಯಲ್ಲೂ."

ಅವರು ಅಂಗಳದ ಕಡೆ ಮುಖ ತಿರುಗಿಸಿದರು. ಇಷ್ಟು ವರ್ಷ ಕಾದು ಇದನ್ನು ಕೇಳಬೇಕಾಯಿತಲ್ಲ ಎಂದು ಬೇಸರವಾಯಿತೇನೋ ಅಂದುಕೊಂಡೆ. ಅವರು ಕಿಸೆಯಿಂದ ಫೋನು ತೆಗೆದು, ಕನ್ನಡಕ ಏರಿಸಿ, ಅಥಣಿಗೆ ಹಚ್ಚಿದರು. ಆ ಕಡೆಯ ದೊಡ್ಡ ದನಿ ನನಗೂ ಕೇಳುತ್ತಿತ್ತು.

"ಭೂಪಾಲಣ್ಣಾ, ಬೆಂಗಳೂರಿಂದ ರಿಪೋರ್ಟ್ ಬಂದೈತಿ. ನೀವೂ ನಾವೂ ಒಂದ ಪೈಕಿಯವರಂತ."

ಆ ಕಡೆ ಭೂಪಾಲಣ್ಣ ಕೆಮ್ಮಿದರು.

"ಅದನ್ನ ಹೇಳಾಕ ಇಷ್ಟ ವರ್ಷ ಬೇಕಾತೇನ್ರಿ ಅವರಿಗೆ? ಇರಲಿ, ಗುಳಿಗಿ ತಗೊಂಡೀರೇನು?"

"ತಗೊಂಡೇನಿ. ನೀವು?"

"ಈಗ ತಗೋತೇನಿ, ತಡೀರಿ" ಅಂದರು ಭೂಪಾಲಣ್ಣ. ನೀರಿನ ತಂಬಿಗೆ ಇಟ್ಟ ಸದ್ದು ಕೇಳಿಸಿತು.